ಬಾಳವ್ವ ದೊಡ್ಡವ್ವನ ಕೆಳಹಲ್ಲು

ಅಧ್ಯಕ್ಷತೆ ವಹಿಸಿರುವ ಯಂಕಪ್ಪ ಮಾಸ್ತರರೇ, ಇಂದು ಸನ್ಮಾನ ಪಡೆಯುತ್ತಿರುವ ಹಲ್ಲಿನ ಡಾಕ್ಟರ್ ಶಿವಸಂಗಪ್ಪನವರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಕಿಟಕಿಗೆ ಒರಗಿ ನಿಂತಿರುವ ನನ್ನ ಕಾಲೇಜಿನ ಗೆಳೆಯರೇ, ಹುನಗುಂದದ ಸಭಿಕರೇ,

ನಾನು ಹುಚ್ಚೇಶ, ಪಿಯುಸಿ ಎರಡನೆಯ ವರ್ಷ. ಸಿನಿಮಾ ನಟರಿಗೆ ಅಭಿಮಾನಿ ಸಂಘಗಳಿವೆ. ಹಲ್ಲಿನ ಡಾಕ್ಟರಿಗೆ ಯಾಕಿರಬಾರದು? ಇದ್ದರೆ ಅದರ ಮೊದಲ ಸದಸ್ಯ ನಾನು. ನಗಬೇಡಿ. ನಕ್ಕರೆ ಹಲ್ಲು ಕಾಣುತ್ತವೆ, ಡಾಕ್ಟರು ಇಲ್ಲೇ ಕುಳಿತಿದ್ದಾರೆ.

ಬಾಗಲಕೋಟೆಯ ದವಾಖಾನೆ ಮುಚ್ಚಿ ಅವರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ. ಈವರೆಗೆ ಮಾತಾಡಿದ ಹಿರಿಯರೆಲ್ಲ ಅವರು ಕಿತ್ತ ಹಲ್ಲುಗಳನ್ನು ಹೊಗಳಿದರು. ಅವರಿಗೆ ಕೀಳಲು ಮನಸ್ಸಿಲ್ಲದೆ ಕಿತ್ತ ಒಂದು ಹಲ್ಲಿನ ಬಗ್ಗೆ ನಾನು ಹೇಳುತ್ತೇನೆ.

ನನ್ನ ತಾಯಿ ಚಂದ್ರವ್ವ ಇಳಕಲ್ಲಿನ ನೇಕಾರರ ಮನೆಯವಳು. ಅವಳ ಅಕ್ಕ ಬಾಳವ್ವ, ನನಗೆ ದೊಡ್ಡವ್ವ. ಇಳಕಲ್ ಸೀರೆ ಉಡುವವರಿಗೆ ಗೊತ್ತು, ಸೆರಗು ಬೇರೆ, ಒಡಲು ಬೇರೆ. ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೂಡಿಸಬೇಕು. ಕೂಡಿಸುವವರು ಹೆಂಗಸರು. ಎರಡೂ ಕೈ ಎಳೆ ಹಿಡಿದಿರುತ್ತವೆ, ಕತ್ತರಿ ಹಿಡಿಯುವವರು ಯಾರು? ಕೆಳಗಿನ ಮುಂದಿನ ಹಲ್ಲಲ್ಲಿ ಕಚ್ಚಿ ಜಗ್ಗುವುದು, ಪಟ್ಟನೆ ಕಡಿಯುವುದು. ದೊಡ್ಡವ್ವ ಸಣ್ಣವಳಿದ್ದಾಗಿನಿಂದ ಹಾಗೆಯೇ ಕಡಿದಳು.

ಎಪ್ಪತ್ತನೆಯ ಇಸವಿಯಲ್ಲಿ ಅವಳನ್ನು ನೋಡಲು ಹುನಗುಂದದಿಂದ ಬೀಗರು ಬಂದರು. ನಡೆಸಿದರು, ಮಾತಾಡಿಸಿದರು. ಹುಡುಗನ ಸೋದರತ್ತೆ ತಾಯವ್ವ ಅವಳನ್ನು ನಗಿಸಿ, "ಗೊಂಜಾಳದ ತೆನಿಗತೆ ಹಲ್ಲದಾವ ನೋಡ್ರಿ" ಅಂದರಂತೆ. ಅವತ್ತೇ ಮಾತುಕತೆ ಮುಗಿಯಿತು.

ಮದುವೆ ಇನ್ನೂ ದೂರವಿತ್ತು. ಅಷ್ಟರಲ್ಲಿ ದೊಡ್ಡವ್ವನ ಗದ್ದದ ಮೇಲೆ ಒಂದು ಗುಳ್ಳೆ ಎದ್ದಿತು. ಒಡೆಯಿತು, ಸೋರಿತು, ಒಣಗಿತು, ಮತ್ತೆ ಸೋರಿತು. ಮುಲಾಮು ಹಚ್ಚಿದರು. ಇಂಜೆಕ್ಷನ್ ಕೊಡಿಸಿದರೆ ನಾಲ್ಕು ದಿನ ಮಾಯ್ದು ಮತ್ತೆ ಬಾಯಿ ಬಿಡುತ್ತಿತ್ತು. ಒಬ್ಬರು ಬರೆ ಹಾಕಿದರು. ಇನ್ನೊಬ್ಬರು ಕೊಯ್ದು ಹೊಲಿಗೆ ಹಾಕಿದರು. ಹೊಲಿಗೆಯ ಪಕ್ಕದಲ್ಲೇ ಮತ್ತೆ ಕೀವು. ಚರ್ಮದ ಕ್ಷಯ ಅಂದರು. ಬೆರಳು ತಿನ್ನುವ, ಹೆಸರು ಹೇಳಲು ಹೆದರುವ ಆ ಇನ್ನೊಂದು ರೋಗ ಎಂದು ಓಣಿಯವರು ಪಿಸುಗುಟ್ಟಿದರು. ಅವಳಿಗೆ ಅಡುಗೆಮನೆ ತಪ್ಪಿತು. ಮಗ್ಗ ಮಾತ್ರ ತಪ್ಪಲಿಲ್ಲ. ಎಳೆಯನ್ನು ಅದೇ ಹಲ್ಲಲ್ಲಿ ಕಡಿಯುತ್ತಲೇ ಇದ್ದಳು. ಹಲ್ಲು ನೋಯುತ್ತಿರಲಿಲ್ಲವಲ್ಲ! ನೋಯದ ಹಲ್ಲನ್ನು ಯಾರು ನೋಡುತ್ತಾರೆ?

ಹುಣ್ಣಿನ ಸುದ್ದಿ ಹುನಗುಂದಕ್ಕೆ ಮುಟ್ಟಿತು. ಕೊಟ್ಟ ಮಾತು ಮುರಿಯಬಾರದೆಂದು ಹಿರಿಯರು ಕೂತು ಒಂದು ದಾರಿ ಹುಡುಕಿದರು: ಅಕ್ಕ ಬೇಡ, ತಂಗಿ ಬರಲಿ. ಆ ತಂಗಿಯೇ ನನ್ನ ತಾಯಿ. ಹುಡುಗ ನನ್ನ ತಂದೆ, ಅಲ್ಲಿ ಮೂರನೆಯ ಸಾಲಿನಲ್ಲಿದ್ದಾರೆ. ಅಪ್ಪಾ, ತಲೆ ತಗ್ಗಿಸಬೇಡಿ. ಇಷ್ಟೆಲ್ಲ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ.

ಎಂಬತ್ತನಾಲ್ಕರಲ್ಲಿ ನಾವು ಇಳಕಲ್ಲಿಗೆ ಹೋಗಿದ್ದಾಗ ನಮ್ಮವ್ವನಿಗೆ ದವಡೆ ಹಲ್ಲು ನೋವು. ಆಗಷ್ಟೇ ಬಾಗಲಕೋಟೆಗೆ ಬಂದಿದ್ದ ಈ ಡಾಕ್ಟರ ಹತ್ತಿರ ಜೊತೆಗೆ ಬಂದವಳು ದೊಡ್ಡವ್ವ, ಗದ್ದದ ತನಕ ಸೆರಗು ಸುತ್ತಿಕೊಂಡು. ಅವ್ವ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳು. ಡಾಕ್ಟರು ಅವ್ವನನ್ನು ಬಿಟ್ಟು ದೊಡ್ಡವ್ವನನ್ನೇ ನೋಡತೊಡಗಿದರು. ಸೆರಗು ತೆಗೆಯಲು ಹೇಳಿದರು. ಬೆರಳಿನಿಂದ ಗದ್ದ ಒತ್ತಿ ನೋಡಿದರು, ಚರ್ಮದ ಕೆಳಗೆ ದಾರದಂಥದ್ದೊಂದು ಸಿಕ್ಕಿತು. ಅವ್ವನನ್ನು ಇಳಿಸಿ ಅವಳನ್ನು ಕೂಡಿಸಿದರು. ಕನ್ನಡಿಯ ಹಿಡಿಯಿಂದ ಕೆಳಹಲ್ಲುಗಳನ್ನು ಬಡಿದು ನೋಡಿದರು. ಹುಣ್ಣಿನ ಬಾಯೊಳಗೆ ಒಂದು ಸಣ್ಣ ಕಡ್ಡಿ ಇಟ್ಟು ಎಕ್ಸ್-ರೇ ಫೋಟೋ ತೆಗೆದರು. ಕಡ್ಡಿ ನೆಟ್ಟಗೆ ಒಂದು ಹಲ್ಲಿನ ಬೇರಿಗೆ ಹೋಗಿ ನಿಂತಿತ್ತು. ಆ ಬೇರಿನ ಸುತ್ತ ಕಪ್ಪು ನೆರಳು.

"ಹುಣ್ಣು ಗದ್ದದ್ದಲ್ಲವ್ವಾ, ಈ ಹಲ್ಲಿಂದು. ಒಳಗ ನರ ಸತ್ತೈತಿ, ಅದಕ್ಕ ನೋವಿಲ್ಲ. ಕೀವು ಎಲುಬು ಕೊರಕೊಂಡು ಹೊರಗ ಬಂದೈತಿ."

"ಇಷ್ಟ ಏನ್ರಿ?" ಅಂದಳು ದೊಡ್ಡವ್ವ.

ಕೀಳುವುದು ಬೇಡ, ಬೇರು ಸ್ವಚ್ಛ ಮಾಡಿ ತುಂಬಿದರೆ ಹಲ್ಲೂ ಉಳಿಯುತ್ತದೆ, ಹುಣ್ಣೂ ಮಾಯುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಅವಳು ನಮ್ಮವ್ವನ ಕಡೆ ನೋಡಿದಳು.

"ಕೀಳ್ರಿ."

"ಛಲೋ ಹಲ್ಲು ಐತೆವ್ವಾ."

"ಛಲೋ ಅಂತ ನೋಡಿದಾವ್ರೆಲ್ಲ ಅಂದಾರ್ರಿ. ಕೀಳ್ರಿ."

ಕಿತ್ತರು. ಹದಿನೈದು ದಿನಗಳಲ್ಲಿ ಹುಣ್ಣು ಮಾಯಿತು. ಈಗ ಅಲ್ಲೊಂದು ಸಣ್ಣ ಕುಳಿ ಇದೆ, ಅಷ್ಟೇ. "ಆ ಹಲ್ಲು ಉಳಸಬೇಕಿತ್ತೋ ತಮ್ಮಾ" ಎಂದು ಡಾಕ್ಟರು ನನಗೆ ಹೋದ ವರ್ಷವೂ ಅಂದರು.

ಅವತ್ತು ನಮ್ಮವ್ವನ ಹಲ್ಲುನೋವು ಯಾರಿಗೂ ನೆನಪಾಗಲಿಲ್ಲ, ಅವಳಿಗೂ. ವಾಪಸು ಬರುವ ಬಸ್ಸು ಮೊದಲು ಹುನಗುಂದಕ್ಕೆ ಬರುತ್ತದೆ, ಆಮೇಲೆ ಇಳಕಲ್ಲಿಗೆ. ತಂಗಿಯ ಮದುವೆಯಾದ ಮೇಲೆ ದೊಡ್ಡವ್ವ ಈ ಊರಿನಲ್ಲಿ ಒಮ್ಮೆಯೂ ಇಳಿದವಳಲ್ಲ. ಅವ್ವ ನನ್ನನ್ನು ಇಳಿಸಿ, ಮೆಟ್ಟಿಲ ಮೇಲೆ ನಿಂತು, "ಅಕ್ಕಾ, ಇಳಿ. ಒಂದ ರಾತ್ರಿ ಇದ್ದು ಹೋಗು" ಅಂದಳು. ದೊಡ್ಡವ್ವನ ಬಾಯಿತುಂಬ ಹತ್ತಿ. ತಲೆ ಅಲ್ಲಾಡಿಸಿದಳು. ಕಂಡಕ್ಟರ್ ಸೀಟಿ ಊದಿದ.

ಡಾಕ್ಟರು ನಮ್ಮ ಕಡೆ ಮೊದಲೇ ಬಂದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬಂದಿದ್ದರೆ ಈ ಮೈಕಿನ ಮುಂದೆ ನಾನು ಇರುತ್ತಿರಲಿಲ್ಲ. ಅದಕ್ಕೇ ಆ ಆಸೆಯನ್ನು ಪೂರ್ತಿ ಆಸೆಪಡಲು ನನ್ನಿಂದ ಆಗುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಡಾಕ್ಟರೇ, ಇದು ನಿಮ್ಮ ಮನೆಯವರಿಗೆ ದೊಡ್ಡವ್ವ ತಾನೇ ನೇಯ್ದು ಕಳಿಸಿದ ಸೀರೆ. ಸಭೆಗೆ ಬರಲು ಅವಳನ್ನು ಎರಡು ಸಲ ಕರೆದುಬಂದೆ. ಇವತ್ತು ಬೆಳಿಗ್ಗೆ ಇಳಕಲ್ ಬಸ್ಸಿಗೆ ಕಾದು ನಿಂತಿದ್ದೆವು, ಅವ್ವ ಮತ್ತು ನಾನು. ಕಂಡಕ್ಟರ್ ಕೈಯಲ್ಲಿ ಸೀರೆ ಇಳಿಯಿತು. ಅವಳು ಇಳಿಯಲಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.