ಧೈರ್ಯ ಹೇಳಲು ಬಂದವರು

ರೋಗಿಯನ್ನು ನೋಡಿ ಬರುವುದು ಪುಣ್ಯದ ಕೆಲಸ ಎಂದು ಇಲ್ಲಿ ಕೇಳಲು ಕೂತ ನೀವೆಲ್ಲ ನಂಬಿದ್ದೀರಿ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ದಾರಿಯಲ್ಲಿ ಮೋಸಂಬಿ ಕೊಂಡು ಹೋಗುತ್ತೀರಿ. ಹತ್ತಿರ ಕುಳಿತು ‘ಧೈರ್ಯ ಇರಲಿ’ ಎನ್ನುತ್ತೀರಿ. ಚಹಾ ಕುಡಿದು ಎದ್ದು ಬರುತ್ತೀರಿ. ನಿಮಗೆ ಪುಣ್ಯ ಬಂತು, ಒಪ್ಪೋಣ. ಹಾಸಿಗೆಯಲ್ಲಿದ್ದವರಿಗೆ ಏನು ಬಂತು? ಅದನ್ನು ಎಂದಾದರೂ ಕೇಳಿದ್ದೀರಾ? ಅದೊಂದನ್ನೇ ಕೇಳುತ್ತ ಆಯುಷ್ಯ ಸವೆಸಿದ ಒಬ್ಬಳಿದ್ದಾಳೆ. ಅವಳ ಸಂಗತಿ ಹೇಳುತ್ತೇನೆ.

ನಮ್ಮ ಸೀಮೆಯದೇ ಒಂದು ಊರು. ಅಲ್ಲಿ ಎಣ್ಣೆ ಮಿಲ್ಲಿನ ಸಂಗಬಸಪ್ಪ ಎಂಬ ಸಾಹುಕಾರ. ಅವನನ್ನು ಊರೆಲ್ಲ ಬಲ್ಲದು. ಅದೇ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಗುರುದೇವಿ ಎಂಬ ಮನಸ್ಸಿನ ಡಾಕ್ಟರು. ಅವಳನ್ನು ಬಲ್ಲವರು ಕಡಿಮೆ, ಬಲ್ಲವರೂ ನಗುವವರೇ. ಯಾಕೆ ನಗುತ್ತಿದ್ದರು? ಅವಳು ಹಿಡಿದ ಸಂಶೋಧನೆ ಅಂಥದು. ಕ್ಯಾನ್ಸರ್ ಆದವರು, ಕಿಡ್ನಿ ಹೋದವರು, ಹೃದಯ ಸೋತವರು, ಇಂಥವರ ಪಕ್ಕದಲ್ಲಿ ಕುಳಿತು ಅವಳು ಕೇಳುತ್ತಿದ್ದದ್ದು ‘ನಿದ್ದಿ ಬರ್ತೈತೇನ್ರಿ? ಯಾವುದರ ಅಂಜಿಕಿ ಐತಿ? ಬದುಕೂದು ಸಾಕು ಅನಸ್ತೈತೇನು?’ ಎಂದು.

ಈ ಹುಚ್ಚು ಅವಳಿಗೆ ಹತ್ತಿದ್ದು ಹೊಸದಾಗಿ ಡಾಕ್ಟರಾದಾಗ. ವಾರ್ಡಿನಲ್ಲಿ ಒಬ್ಬ ನೇಕಾರ ಮಲಗಿದ್ದ. ಅವನ ರೋಗ ಇಳಿಯುತ್ತಿತ್ತು, ಔಷಧ ಹಿಡಿದಿತ್ತು, ಮನುಷ್ಯ ಮಾತ್ರ ಗುಳಿಗೆ ನುಂಗುವುದನ್ನು ಬಿಟ್ಟು ಸತ್ತ. ಹಿರಿಯ ಡಾಕ್ಟರುಗಳು ‘ರೋಗ ಉಲ್ಬಣಿಸಿತು’ ಎಂದು ಬರೆದು ಕೈ ತೊಳೆದುಕೊಂಡರು. ಗುರುದೇವಿಗೆ ಆ ಮಾತು ಗಂಟಲಿಗಿಳಿಯಲಿಲ್ಲ. ಉಲ್ಬಣಿಸಿದ್ದು ಯಾವ ರೋಗ? ಹೊಟ್ಟೆಯದೋ, ಮನಸ್ಸಿನದೋ? ಅವಳು ಅದರ ಬೆನ್ನು ಹತ್ತಿದಳು. ಜೊತೆಯವರು ‘ಮನಿಗೆ ಬೆಂಕಿ ಹತ್ತಿದ್ರ ಈಕಿ ಗ್ವಾಡಿ ಬಣ್ಣ ಕೇಳ್ತಾಳ’ ಎಂದು ಕ್ಯಾಂಟೀನಿನಲ್ಲಿ ನಕ್ಕರು. ಅವಳಿಗಿಂತ ಚಿಕ್ಕವರು ಮೇಲೇರಿ ಅವಳ ಮೇಲಧಿಕಾರಿಗಳಾದರು. ಅವಳ ತಲೆ ನರೆಯಿತು. ಕೊನೆಗೂ ಆಸ್ಪತ್ರೆಯವರು ಅವಳ ದೊಡ್ಡ ಅಧ್ಯಯನಕ್ಕೆ ಒಪ್ಪಿದರು. ಇನ್ನು ಮೇಲೆ ಪ್ರತಿ ರೋಗಿಯ ಮನಸ್ಸನ್ನೂ ವಿಚಾರಿಸಬೇಕು ಎಂದಾಯಿತು. ಅವಳ ಬದುಕೆಲ್ಲ ಅದರಲ್ಲಿತ್ತು.

ಅದೇ ಹೊತ್ತಿಗೆ ಸಂಗಬಸಪ್ಪನ ಹೆಂಡತಿ ಶಂಕ್ರವ್ವನ ಎದೆಯಲ್ಲಿ ಗಂಟಾಯಿತು. ಸಾಹುಕಾರ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ, ಅದು ನಿಜ. ಔಷಧ ಏರಿಸಿದರು, ಗಂಟು ಕರಗುತ್ತ ಬಂತು. ಆದರೆ ಗಂಟಿನ ಜೊತೆ ಹೆಂಗಸೂ ಕರಗತೊಡಗಿದಳು. ಊಟ ಬಿಟ್ಟಳು, ಗೋಡೆಗೆ ಮುಖ ಮಾಡಿ ಮಲಗಿದಳು, ಗುಳಿಗೆಗಳು ತಲೆದಿಂಬಿನ ಕೆಳಗೆ ಸಿಕ್ಕವು. ಡಾಕ್ಟರುಗಳು ಗುರುದೇವಿಯನ್ನು ಕರೆಸಿದರು.

ಅವಳು ಹಾಸಿಗೆಯ ಹತ್ತಿರ ಕುಳಿತು ಕೇಳಿದಳು: “ಅಕ್ಕಾರ, ಮನಸ್ಸಿಗೆ ಹೆಂಗ ಅನಸಾಕತ್ತೈತ್ರಿ?”

ಉತ್ತರ ಕೊಟ್ಟವರು ಯಾರು? ಸಂಗಬಸಪ್ಪ. “ಅಕಿಗೇನಾಗೈತ್ರಿ? ಗಟ್ಟಿ ಅದಾಳ. ನಮ್ಮ ಮನಿತನದಾಗ ಯಾರೂ ಅಂಜಿದವ್ರಲ್ಲ.”

“ನಿದ್ದಿ ಬರ್ತೈತೇನ್ರಿ ಅಕ್ಕಾರ?”

“ಚಲೋ ಮಲಗ್ತಾಳ,” ಎಂದ ಸಂಗಬಸಪ್ಪ.

ನೋಡಿ, ಹೆಂಡತಿಯ ನಿದ್ದೆಯನ್ನೂ ತಾನೇ ಮಾಡುವ ಗಂಡ!

“ಸಾವಕಾರ್ರ, ನಾ ಅವರನ್ನ ಕೇಳಾಕತ್ತೀನಿ. ನೀವು ಸ್ವಲ್ಪ ಹೊರಗ ಕುಂದರ್ತೀರೇನು?”

ಅಷ್ಟು ಸಾಕಾಯಿತು. “ನನ್ನ ಹೆಂಡ್ತೀನ ಹುಚ್ಚಿ ಮಾಡಾಕ ಬಂದೀಯೇನವಾ? ನಮ್ಮ ಮನ್ಯಾಗ ಹುಚ್ಚರಿಲ್ಲ!” ಎಂದು ವಾರ್ಡೆಲ್ಲ ಕೇಳುವ ಹಾಗೆ ಕೂಗಿದ. ಆ ವಾರ್ಡು ಕಟ್ಟಿಸಿಕೊಟ್ಟವನೇ ಅವನು. ಸಂಜೆಯೊಳಗೆ ಆಸ್ಪತ್ರೆಯ ಮುಖ್ಯಸ್ಥರು ಗುರುದೇವಿಯನ್ನು ಕರೆಸಿದರು.

“ನೋಡ್ರಿ ಮೇಡಂ, ಅವರ ಮನಿಗೆ ಹೋಗಿ ತಪ್ಪಾತು ಅಂದ್ಬಿಡ್ರಿ. ಇಲ್ಲಾಂದ್ರ ನಿಮ್ಮ ಸಂಶೋಧನಾ ಇಲ್ಲಿಗೆ ನಿಂತ್ಹಂಗ. ಬ್ಯಾರೆ ವಿಷಯ ತಗೋರಿ ಬೇಕಾದ್ರ. ಆಸ್ಪತ್ರಿ ಊಟ ರುಚಿ ಐತೋ ಇಲ್ಲೋ ಅಂತ ಕೇಳ್ರಿ.”

ಗುರುದೇವಿ ಮನೆಗೆ ಹೋಗಿ ಯೋಚಿಸಿದಳು. ಒಬ್ಬ ಸೊಕ್ಕಿನ ಮನುಷ್ಯನ ಮುಂದೆ ಒಮ್ಮೆ ಕೈ ಮುಗಿದರೆ ಮುಂದೆ ಎಷ್ಟೋ ರೋಗಿಗಳಿಗೆ ಒಳ್ಳೆಯದಾಗುತ್ತದೆ, ಅದರಲ್ಲೇನು ತಪ್ಪು? ಹೀಗೆಂದು ತನ್ನನ್ನು ತಾನೇ ಒಪ್ಪಿಸಿಕೊಂಡಳು. ಓದಿದವರಿಗೆ ಈ ವಿದ್ಯೆ ಬಲು ಚೆನ್ನಾಗಿ ಬರುತ್ತದೆ. ಮಾಡಬಾರದ್ದನ್ನು ಮಾಡುವ ಮೊದಲು ಅವರು ಹತ್ತು ಜನರ ಕಲ್ಯಾಣವನ್ನು ನೆನೆಯುತ್ತಾರೆ.

ಭಾನುವಾರ ಬೆಳಿಗ್ಗೆ ಸಾಹುಕಾರನ ಮನೆಗೆ ಹೋದಳು. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದ ಶಂಕ್ರವ್ವನಿಗೆ ರೇಷ್ಮೆ ಸೀರೆ ಉಡಿಸಿ, ಕೂದಲುದುರಿದ ತಲೆಯ ಮೇಲೆ ಸೆರಗು ಹೊದಿಸಿ, ಪಡಸಾಲೆಯಲ್ಲಿ ಲೋಡಿಗೆ ಒರಗಿಸಿ ಕೂರಿಸಿದ್ದರು. ಸುತ್ತ ನೆಂಟರು, ಬೀಗರು, ಓಣಿಯವರು.

“ನಮ್ಮ ನಾದಿನಿಗೂ ಇದ ಆಗಿತ್ತವಾ,” ಎನ್ನುತ್ತಿದ್ದಳು ಒಬ್ಬ ಮಹಾತಾಯಿ. “ಎಷ್ಟು ಧೈರ್ಯದಾಕಿ ಅಂತಿ! ಜೀವ ಹೋಗೂಮುಂದನೂ ನಕ್ಕೋಂತ ಹೋದ್ಲು.”

ಬದುಕಲು ಹೆಣಗುವವಳಿಗೆ ಹೇಳುವ ಮಾತೇ ಇದು? “ಮನಸ್ಸಿಗೆ ಹಚಗೋಬ್ಯಾಡ್ರಿ” ಎಂದ ಇನ್ನೊಬ್ಬ, ಬಾಯಿತುಂಬ ಚೂಡಾ ಇಟ್ಟುಕೊಂಡು. ಶಂಕ್ರವ್ವ ಎಲ್ಲರನ್ನೂ ನೋಡಿ ನಗುತ್ತಿದ್ದಳು. ಆ ನಗುವನ್ನು ಗುರುದೇವಿ ಎಷ್ಟೋ ಮುಖಗಳ ಮೇಲೆ ಕಂಡವಳು. ಅದು ಏನೆಂದು ಬಲ್ಲವಳು. ಬಲ್ಲವಳೇ ಸಂಗಬಸಪ್ಪನ ಮುಂದೆ ನಿಂತು ಕೈ ಮುಗಿದಳು.

“ಸಾವಕಾರ್ರ, ಅವತ್ತ ನಾ ಹಂಗ ಕೇಳಬಾರದಿತ್ತು. ಅಕ್ಕಾರಿಗೆ ಏನೂ ಆಗಿಲ್ಲ. ನಂದ ತಪ್ಪು…”

“ತಪ್ಪಲ್ಲ.”

ಹೇಳಿದವಳು ಶಂಕ್ರವ್ವ.

“ತಪ್ಪಲ್ಲ ಡಾಕ್ಟರಬಾಯಿ. ಇನ್ನೊಮ್ಮೆ ಕೇಳ್ರಿ.”

“ಏ, ಸುಮ್ಕಿರು, ದಣದೀ,” ಎಂದ ಗಂಡ.

“ಕೇಳ್ರಿ ಅಂದೆ.”

ಗುರುದೇವಿಯ ಕೈಗಳು ಇನ್ನೂ ಮುಗಿದೇ ಇದ್ದವು. ಅವಳಿಗೆ ನಾಚಿಕೆಯಾಯಿತು. ಹೇಸಿಗೆ ಬರುವಷ್ಟು ನಾಚಿಕೆ. ಯಾರ ಪರವಾಗಿ ಇಷ್ಟು ವರ್ಷ ನಗೆಪಾಟಲಾಗಿ ದುಡಿದಳೋ, ಅಂಥವರ ಬಾಯಿಯನ್ನೇ ಈಗ ಮುಚ್ಚಲು ಬಂದಿದ್ದಳು. ಕೈ ಇಳಿಸಿ, ಶಂಕ್ರವ್ವನ ಪಕ್ಕ ನೆಲದ ಮೇಲೆ ಕುಳಿತಳು.

“ಹೆಂಗ ಅನಸಾಕತ್ತೈತ್ರಿ ಅಕ್ಕಾರ?”

“ಅಂಜಿಕಿ ಆಗ್ತೈತಿ. ಮುಂಜಾನೆ ಕಣ್ಣು ಬಿಟ್ರ ಅಂಜಿಕಿ. ಇವ್ರೆಲ್ಲಾ ನನ್ನ ಧೈರ್ಯ ನೋಡಾಕ ಬರ್ತಾರ. ಬರೂದ್ರಾಗ ನಾ ಮಾರಿಗೆ ನಗಿ ಹಚಗೊಂಡು ತಯಾರಾಗಿ ಕುಂದರಬೇಕು. ಬ್ಯಾನಿಕಿಂತ ಅದ ನನ್ನ ಹಣ್ಣ ಮಾಡೈತಿ. ಗುಳಿಗಿ ನುಂಗಿ ಬದುಕಿ, ದಿನಾ ಹಿಂಗ ನಗೂದಕ್ಕಿಂತ ಸತ್ರ ಪಾಡು ಅನಸ್ತು. ಅದಕ್ಕ ಬಿಟ್ಟೆ.”

ಹೇಳುತ್ತ ಹೇಳುತ್ತ ಸೆರಗು ಜಾರಿತು. ಬೋಳು ತಲೆ ಹಾಗೇ ಬಿಟ್ಟುಕೊಂಡು, ದೊಡ್ಡ ದನಿ ತೆಗೆದು ಅತ್ತಳು.

ಆಮೇಲೆ ನೋಡಬೇಕಿತ್ತು ನಿಮ್ಮವರ ಅವಸರ! ಒಬ್ಬಳಿಗೆ ಒಲೆಯ ಮೇಲಿನ ಹಾಲು ನೆನಪಾಯಿತು, ಒಬ್ಬನಿಗೆ ಬಸ್ಸು ನೆನಪಾಯಿತು. ನಾದಿನಿಯ ಕಥೆ ಹೇಳಿದ ಮಹಾತಾಯಿ ತನ್ನ ಚಪ್ಪಲಿ ಹುಡುಕಲೂ ನಿಲ್ಲದೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋದಳು. ಧೈರ್ಯ ಹೇಳಲು ಬಂದಿದ್ದವರಿಗೆ ಒಬ್ಬ ಹೆಂಗಸಿನ ಅಳು ತಡೆದುಕೊಳ್ಳುವಷ್ಟು ಧೈರ್ಯವಿರಲಿಲ್ಲ! ಸಂಗಬಸಪ್ಪ “ಅಳಬ್ಯಾಡ, ಮಂದಿ ಏನಂದಾರು” ಎಂದ. ಅಲ್ಲಿ ಮಂದಿಯೇ ಉಳಿದಿರಲಿಲ್ಲ. ಆಮೇಲೆ ಅವನೂ ಮಿಲ್ಲಿಗೆ ಹೊರಟುಹೋದ. ಗುರುದೇವಿ ಕೂತಲ್ಲೇ ಕೂತಿದ್ದಳು. ಸುಮ್ಮನಿರು ಎನ್ನಲಿಲ್ಲ, ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಲಿಲ್ಲ. ಅಳು ಮುಗಿಯುವವರೆಗೆ ಕೈ ಹಿಡಿದುಕೊಂಡಿದ್ದಳು.

ಮುಂದೇನಾಯಿತು? ಅಧ್ಯಯನ ನಿಂತಿತು. ಸಾಹುಕಾರನ ಸೇಡು ಅಷ್ಟಕ್ಕೆ ತಣಿಯಿತು. ಗುರುದೇವಿ ಆ ಆಸ್ಪತ್ರೆ ಬಿಟ್ಟು, ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಒಂದು ಕೋಣೆಯಲ್ಲಿ ಮೊದಲಿನಿಂದ ಶುರು ಮಾಡಿದಳು. ಶಂಕ್ರವ್ವ ತಾನಾಗಿಯೇ ಅಲ್ಲಿಗೆ ಬಂದಳು. ಮನಸ್ಸಿಗೆ ಔಷಧ ತೆಗೆದುಕೊಂಡಳು, ಮಾತಾಡಿದಳು, ಊಟ ಸೇರಿತು, ನಿಲ್ಲಿಸಿದ್ದ ಗುಳಿಗೆ ಮತ್ತೆ ಶುರುವಾಯಿತು. ಕೆಲವು ವರ್ಷ ಬದುಕಿದಳು. ಹೊಸದಾಗಿ ರೋಗ ಗೊತ್ತಾದ ಹೆಂಗಸರ ನಡುವೆ ಕುಳಿತು “ಅಳ್ರಿ ಯವ್ವಾ, ಇಲ್ಲಿ ಯಾರೂ ಏನೂ ಅನ್ನೂದಿಲ್ಲ” ಎನ್ನುತ್ತಿದ್ದಳು. ಗುರುದೇವಿಯ ಸಂಶೋಧನೆ ನಿಧಾನಕ್ಕೆ ಬೇರೆ ಆಸ್ಪತ್ರೆಗಳನ್ನು ಮುಟ್ಟಿತು. ನಕ್ಕವರು ಈಗ ಅದನ್ನೇ ಪಾಠ ಹೇಳುತ್ತಾರೆ.

ರೋಗ ಮರಳಿ ಬಂದು ಶಂಕ್ರವ್ವ ತೀರಿಕೊಂಡಾಗ ಸಂಗಬಸಪ್ಪ ತಾನು ಕಟ್ಟಿಸಿದ ವಾರ್ಡಿನ ಗೋಡೆಗೆ ಅವಳ ಹೆಸರಿನಲ್ಲಿ ಅಮೃತಶಿಲೆಯ ಫಲಕ ಹಾಕಿಸಿದ: ‘ಧೈರ್ಯವಂತೆ. ನಗುನಗುತ್ತಲೇ ನಮ್ಮನ್ನಗಲಿದಳು.’ ಗುರುದೇವಿ ಹೋಗಿ ಓದಿದಳು. ಕಲ್ಲಿಗೂ ಸುಳ್ಳು ಹೇಳಲು ಕಲಿಸಿದನಲ್ಲ ಎಂದುಕೊಂಡಳು. ಅಲ್ಲಿ ನಿಲ್ಲದೆ ತನ್ನ ಕೋಣೆಗೆ ಹೋದಳು. ಅಲ್ಲಿ ಜನ ಕಾಯುತ್ತಿದ್ದರು.

ಸಂಗಬಸಪ್ಪನ ಮಾತಿಗೆ ನಕ್ಕಿರಾ? ಹಿಂದಿನ ಸಾಲಿನವರು ಜೋರಾಗಿಯೇ ನಕ್ಕಿರಿ. ಹಾಗಾದರೆ ಹೇಳಿ, ಚೂಡಾ ತಿನ್ನುತ್ತ ಕೂತಿದ್ದವರು ಯಾರು? ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಓಡಿದವರು ಯಾರು? ತಲೆ ತಗ್ಗಿಸಬೇಡಿ. ಕೇಳಿಸಿಕೊಳ್ಳಿ.

ನಾಳೆಯಿಂದ ರೋಗಿಯ ಮನೆಗೆ ಹೋದರೆ ಯಾರು ಯಾವ ರೋಗದಲ್ಲಿ ಸತ್ತರು ಎಂಬ ಪುರಾಣ ಬಿಚ್ಚಬೇಡಿ. ಮಲಗಿದವರ ಬದಲು ಪಕ್ಕದವರನ್ನು ವಿಚಾರಿಸಬೇಡಿ. ಬಾಯಿ ಅವರಿಗೂ ಇದೆ. ಅಂಜಿಕೆ ಎಂದರೆ ಹೌದಾ ಎನ್ನಿ. ಅತ್ತರೆ ಅಳಲು ಬಿಡಿ. ಬದುಕು ಸಾಕೆಂದರೆ, ಜ್ವರಕ್ಕೆ ಕರೆದೊಯ್ಯುವ ಹಾಗೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅದಕ್ಕೆ ಔಷಧವಿದೆ, ಅದಕ್ಕೆ ಹುಚ್ಚೆಂದು ಹೆಸರಿಡಬೇಡಿ. ಇಷ್ಟೂ ನಿಮ್ಮಿಂದಾಗದಿದ್ದರೆ ನಿಮ್ಮ ಮನೆಯಲ್ಲೇ ಇರಿ. ಅವರಾದರೂ ನಗುವ ಕೆಲಸವಿಲ್ಲದೆ ಒಂದಿಷ್ಟು ಮಲಗಲಿ.