ಜೈಭೀಮನ ವ್ಯಾನು ದಾರಿಯಲ್ಲಿ ನಿಂತದ್ದೇಕೆ

ನಾನು ಸಿದ್ದಾರೂಢ, ತಂದೆ ಫಕೀರಪ್ಪ ಕಮ್ಮಾರ, ವಯಸ್ಸು 51 ವರ್ಷ, ಉದ್ಯೋಗ ಹಳೆಯ ಪೆಟ್ರೋಲ್ ಗಾಡಿಗಳ ರಿಪೇರಿ, ಮೂಲ ಊರು ನವಲಗುಂದ, ಇಪ್ಪತ್ತಾರು ವರ್ಷಗಳಿಂದ ಪುಣೆಯ ಕೋಥರೂಡದಲ್ಲಿ ವಾಸ. ಈ ದಿನ ಬೆಳಿಗ್ಗೆ 10-20ಕ್ಕೆ ಠಾಣೆಗೆ ಹಾಜರಾಗಿ, ಕನ್ನಡ ಬಲ್ಲ ಹವಾಲ್ದಾರ್ ಮಾಧುರಿ ಅವರ ಮುಂದೆ ಹೇಳಿ ಬರೆಸುವುದೇನೆಂದರೆ:

ಜೈಭೀಮ ಎಂಬವರು, ವಯಸ್ಸು ಸುಮಾರು 38, ಕಲಬುರಗಿ ಕಡೆಯವರು, ಸ್ವಂತ ವ್ಯಾನನ್ನು ಬಾಡಿಗೆಗೆ ಓಡಿಸುತ್ತಾರೆ. ವ್ಯಾನು 2003ನೇ ಸಾಲಿನದು. ಒಂಬತ್ತು ವರ್ಷಗಳಿಂದ ಅದರ ಎಲ್ಲ ಕೆಲಸ ನನ್ನ ಗ್ಯಾರೇಜಿನಲ್ಲೇ ಆಗಿದೆ. ದಿನಾಂಕ 18-12-2024ರಂದು ಪೆಟ್ರೋಲ್ ಟ್ಯಾಂಕ್ ಸೋರುತ್ತಿದ್ದುದರಿಂದ ಅದನ್ನು ಇಳಿಸಿ, ಬೆಸುಗೆ ಹಾಕಿಸಿ, ಮರುದಿನ ಸಂಜೆ ತಿರುಗಿ ಕೂಡಿಸಿದೆ.

ದಿನಾಂಕ 06-02-2025ರಂದು ಜೈಭೀಮ ಬಂದು, ಗಾಡಿ ನಡುದಾರಿಯಲ್ಲಿ ಬಂದ್ ಬೀಳುತ್ತದೆ, ಹತ್ತು ಹದಿನೈದು ನಿಮಿಷ ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ ಎಂದು ತಿಳಿಸಿದರು. ನಾನು ಫಿಲ್ಟರ್ ಬದಲಿಸಿ, ಗ್ಯಾರೇಜಿನ ಸುತ್ತ ಸುಮಾರು ಎರಡು ಕಿ.ಮೀ. ಓಡಿಸಿ, ಸರಿಯಾಗಿದೆ ಎಂದೆ. ಆಗ ಅವರು, "ಊರಾಗ ಏನೂ ಆಗೂದಿಲ್ಲರಿ ಅಣ್ಣಾರ. ದೂರ ಹ್ವಾದ್ರ ಅಷ್ಟ ನಿಲ್ತದ" ಅಂದರು. ಆ ದಿನ ಇನ್ನೂ ಮೂರು ಗಾಡಿಗಳ ಕೆಲಸ ಬಾಕಿ ಇತ್ತು. ನಾನು ದೂರ ಓಡಿಸಿ ನೋಡಲಿಲ್ಲ.

ದಿನಾಂಕ 03-04-2025ರಂದು ಜೈಭೀಮ ಕೋಥರೂಡದ ರಾಮಲಿಂಗಪ್ಪ, ವಯಸ್ಸು 61, ಮತ್ತು ಅವರ ಮಗಳು ಶೀತಲ್ ಇವರನ್ನು ನೆಂಟರ ಮನೆಯ ಸಮಾರಂಭಕ್ಕೆ ಬಾರಾಮತಿಗೆ ಕರೆದೊಯ್ದಿದ್ದರು. ಹೋಗುವಾಗ ನಡುನಡುವೆ ಚಹಾ, ತಿಂಡಿಗೆ ನಿಂತಿದ್ದರಿಂದ ಗಾಡಿ ತೊಂದರೆ ಕೊಡಲಿಲ್ಲವಂತೆ. ಅಲ್ಲಿ ಊಟದ ಹೊತ್ತಿಗೆ ರಾಮಲಿಂಗಪ್ಪ ಅವರಿಗೆ ಎದೆನೋವು ಬಂದು, ತಡಮಾಡದೆ ಪುಣೆಗೆ ಒಯ್ಯಲು ವೈದ್ಯರು ಹೇಳಿದರಂತೆ. ವ್ಯಾನು ಮಧ್ಯಾಹ್ನ 1-40ಕ್ಕೆ ಹೊರಟು ದಾರಿಯಲ್ಲಿ ಎರಡು ಸಲ ನಿಂತಿತು. ಎರಡನೇ ಸಲ ಪುಣೆಗೆ ಸಮೀಪದ ಸಾಸವಡ ಊರಿನ ಈಚೆ ಏನು ಮಾಡಿದರೂ ಚಾಲೂ ಆಗದಿದ್ದಾಗ, ಜೈಭೀಮ ರಸ್ತೆಯ ನಡುವೆ ನಿಂತು ಹಾಲಿನ ಟೆಂಪೊ ಒಂದನ್ನು ತಡೆದು, ರಾಮಲಿಂಗಪ್ಪ ಅವರನ್ನು ಎತ್ತಿ ಅದರಲ್ಲಿ ಕೂರಿಸಿದರು. ಆಸ್ಪತ್ರೆ ಮುಟ್ಟುವಾಗ ಒಟ್ಟು 47 ನಿಮಿಷ ತಡವಾಗಿತ್ತು. ಅವರ ಹಿಂದೆಯೇ ಅರ್ಧ ಗಂಟೆಯೊಳಗೆ ಜೈಭೀಮ ಅದೇ ವ್ಯಾನನ್ನು ಓಡಿಸಿಕೊಂಡು ಆಸ್ಪತ್ರೆಗೆ ಬಂದರು. ಇದನ್ನು ಕಂಡ ಶೀತಲ್, ರೋಗಿ ಗಾಡಿಯಲ್ಲೇ ಸತ್ತರೆ ತನಗೆ ಕಷ್ಟವೆಂದು ಹೆದರಿ ಚಾಲಕ ಗಾಡಿ ಕೆಟ್ಟಿದೆಯೆಂದು ಸುಳ್ಳು ಹೇಳಿ ಇಳಿಸಿದನೆಂದು ದೂರು ಕೊಟ್ಟರು.

ನಿನ್ನೆ ದಿನಾಂಕ 08-04-2025ರಂದು ಬೆಳಿಗ್ಗೆ 9-15ಕ್ಕೆ ಪೊಲೀಸರು ತಾವು ಹಿಡಿದಿಟ್ಟಿದ್ದ ವ್ಯಾನಿನ ಪರೀಕ್ಷೆಗಾಗಿ ನನ್ನನ್ನು ಕರೆಸಿದರು. ಠಾಣೆಯ ಅಂಗಳದಲ್ಲಿ ವ್ಯಾನು ಒಂದೇ ಸಲಕ್ಕೆ ಚಾಲೂ ಆಯಿತು. ಜೈಭೀಮ ತಲೆ ತಗ್ಗಿಸಿ ನಿಂತಿದ್ದರು. ದೂರ ಓಡಿಸಿ ನೋಡಬೇಕೆಂದು ನಾನು ಕೇಳಿಕೊಂಡೆ. ಹವಾಲ್ದಾರ್ ಮಾಧುರಿ, ಶೀತಲ್, ಜೈಭೀಮ ಇವರೊಂದಿಗೆ ಸಾಸವಡದ ದಾರಿ ಹಿಡಿದೆ. 36 ಕಿ.ಮೀ. ಆದ ಮೇಲೆ, 10-50ಕ್ಕೆ, ಎಂಜಿನ್ ಎರಡು ಸಲ ಜಗ್ಗಿ ನಿಂತುಹೋಯಿತು. ನಾನು ಇಳಿದು ಟ್ಯಾಂಕಿನ ಮುಚ್ಚಳ ತಿರುವಿದಾಗ ಹೊರಗಿನ ಗಾಳಿ ಸುಂಯ್ ಎಂದು ಒಳಗೆ ನುಗ್ಗಿತು. ಸದ್ದು ಐದಾರು ಸೆಕೆಂಡು ಇತ್ತು, ನಾಲ್ವರೂ ಕೇಳಿದೆವು. ಕೂಡಲೇ ಗಾಡಿ ಚಾಲೂ ಆಯಿತು. ಮುಚ್ಚಳ ಸಡಿಲ ಬಿಟ್ಟು ನನ್ನ ಗ್ಯಾರೇಜಿನವರೆಗೆ ತಿರುಗಿ ಬರುವಾಗ 41 ಕಿ.ಮೀ. ಎಲ್ಲಿಯೂ ನಿಲ್ಲಲಿಲ್ಲ.

ಪೆಟ್ರೋಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಅದಕ್ಕೊಂದು ಸಣ್ಣ ರಬ್ಬರ್ ಪೈಪು ಇರುತ್ತದೆ. ಅದು ಮುಚ್ಚಿದರೆ ಟ್ಯಾಂಕು ಪೆಟ್ರೋಲನ್ನು ಒಳಗೇ ಎಳೆದು ಹಿಡಿಯುತ್ತದೆ, ಎಂಜಿನ್ನಿಗೆ ಬಿಡುವುದಿಲ್ಲ. ಗಾಡಿ ನಿಂತ ಮೇಲೆ ಮೆಲ್ಲಗೆ ಗಾಳಿ ಸೇರಿ ಮತ್ತೆ ಸರಿಹೋಗುತ್ತದೆ. ಗ್ಯಾರೇಜಿಗೆ ಬಂದು ಗಾಡಿ ಎತ್ತಿ ನೋಡಿದಾಗ, ಆ ಪೈಪು ಟ್ಯಾಂಕನ್ನು ಬಿಗಿಯುವ ಕಬ್ಬಿಣದ ಪಟ್ಟಿಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು. ಡಿಸೆಂಬರಿನಲ್ಲಿ ಆ ಪಟ್ಟಿಯನ್ನು ಬಿಗಿದವನು ನಾನು. ಆಮೇಲೆ ಅದನ್ನು ಯಾರೂ ಬಿಚ್ಚಿಲ್ಲ.

ಇದನ್ನು ಅಲ್ಲಿಯೇ ಎಲ್ಲರ ಮುಂದೆ ಹೇಳಿದೆ. ಜೈಭೀಮ ನನ್ನ ಮೇಲೆ ಸಿಟ್ಟಾಗಲಿಲ್ಲ. ಪೈಪನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ನೋಡಿ, "ಹಂಗಾದ್ರ ನಾ ಹೆದರಿ ನಿಲ್ಲಿಸಿರಲಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದರು. ಐದು ದಿನ ಎಲ್ಲರೂ ಅದನ್ನೇ ಕೇಳಿದ್ದರಿಂದ ತನಗೇ ತನ್ನ ಮೇಲೆ ಸಂಶಯ ಬಂದಿತ್ತೆಂದು ಹೇಳಿದರು. ಶೀತಲ್ ಅಲ್ಲಿದ್ದ ಟೈರಿನ ಮೇಲೆ ಕುಳಿತುಬಿಟ್ಟರು. ತಂದೆ ಈಗ ವಾರ್ಡಿನಲ್ಲಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಆದರೆ ಹೃದಯ ಮೊದಲಿನಷ್ಟು ಗಟ್ಟಿಯಿಲ್ಲವೆಂದು ತಿಳಿಸಿ, "ಅಪ್ಪಾರು ದಿನಾ ಕೇಳ್ತಾರ, ಆ ಡ್ರೈವರ್ ಎಲ್ಲಿ ಅಂತ. ಇವ್ರು ನೋಡಾಕ ಬಂದಿದ್ರು. ನಾನ ಬಾಗಲದಾಗಿಂದ ಹೊಳ್ಳಿ ಕಳಿಸೀನಿ" ಅಂದರು. ಸಂಜೆ 5 ಗಂಟೆಗೆ ಅವರೇ ಜೈಭೀಮರನ್ನು ಆಸ್ಪತ್ರೆಗೆ ಕರೆದೊಯ್ದರು. ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ಹೋಗುವ ಧೈರ್ಯ ನನಗಿರಲಿಲ್ಲ.

ಈ ಹೇಳಿಕೆಯನ್ನು ಓದಿ ಕೇಳಿಸಿದ ಬಳಿಕ ಮಾಧುರಿ ಅವರು, ಚಾಲಕನನ್ನು ದೂರಿನಿಂದ ಬಿಡಲು ಗಾಡಿಯ ದೋಷ ಬರೆದರೆ ಸಾಕು, ಪಟ್ಟಿಯನ್ನು ಯಾರು ಬಿಗಿದರೆಂದು ತಾವು ಕೇಳಿಯೇ ಇಲ್ಲ, ಬೇಕಿದ್ದರೆ ಆ ಸಾಲನ್ನು ತೆಗೆಯಬಹುದು ಎಂದು ತಿಳಿಸಿದರು. "ತೆಗೀಬ್ಯಾಡ್ರಿ ಬಾಯಾರ, ಅದನ್ನ ಹೇಳಾಕ ಬಂದೀನಿ" ಅಂದೆ.

ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಹೇಳಿದ್ದು ಹೇಳಿದಂತೆಯೇ ಬರೆಯಲಾಗಿದೆ, ನಿಜವಾಗಿದೆ, ಒಂದು ಸಾಲನ್ನೂ ತೆಗೆದಿಲ್ಲ.

ಸ್ಥಳ: ಪುಣೆ
ದಿನಾಂಕ: 09-04-2025
ಸಹಿ: ಸಿದ್ದಾರೂಢ ಫ. ಕಮ್ಮಾರ