ಒರೆಯೊಳಗೆ ಕಚ್ಚಿಕೊಂಡ ಚಾಕು

ಆಸ್ಪತ್ರೆಯ ಬೆಂಚಿನ ಮೇಲೆ ದೇವರ ನಾಮ ಜಪಿಸುತ್ತ ಸರದಿ ಕಾಯುತ್ತಿದ್ದ ದರ್ಜಿಯಜ್ಜಿಯ ಪಕ್ಕಕ್ಕೆ ಅಣ್ಣತಮ್ಮಂದಿರಿಬ್ಬರು ಬಂದು ಕೂತರು. ಅಣ್ಣನ ಬಲಗೈ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಎಡಗೈಯಲ್ಲಿ ಚಾಕುವಿನ ಕಪ್ಪು ಪ್ಲಾಸ್ಟಿಕ್ ಒರೆಯಿತ್ತು.

“ಮೆತ್ತಗಾಗಲಿ ಅಂತ ಓವನ್ನಲ್ಲಿ ಕಾಯಿಸಿದ ಪ್ಲಾಸ್ಟಿಕ್ ಹಾಳೇನ ಬರಿಗೈಲಿ ಹಿಡೀತಾರಾ ಅಣ್ಣಾ?”

“ನೀನು ಪ್ಲಾಸ್ಟಿಕ್ಕಲ್ಲಿ ಮಾಡಿಕೊಟ್ಟ ಒರೇನ ಅಪ್ಪ ಕಂಡಕಂಡವರಿಗೆಲ್ಲ ತೋರಿಸ್ತಾರೆ. ನಾನು ಚರ್ಮದಲ್ಲಿ ಹೊಲಿದುಕೊಟ್ಟಿದ್ದು ಪೆಟ್ಟಿಗೆ ತಳ ಸೇರ್ತು.”

“ಚರ್ಮ ನೀರು ಕುಡಿಯುತ್ತೆ, ಚಾಕು ತುಕ್ಕು ಹಿಡಿಯುತ್ತೆ. ಅಷ್ಟೇ ಅಣ್ಣ.”

“ನಿಂದರೊಳಗೆ ಚಾಕು ಹೋದಾಗ ಟಕ್ ಅನ್ನುತ್ತಲ್ಲ, ಅದನ್ನ ಕೇಳಿದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತೆ.”

“ಕೈಗೆ ಬಿದ್ದಿದ್ದು ಸಾಲದಾ? ಅದಿರಲಿ, ಹಾಳೇನ ಚಾಕು ಮೇಲೆ ಒತ್ತೋ ಮೊದಲು ಅಲಗಿಗೆ ಟೇಪ್ ಸುತ್ತಿದ್ದೆ ತಾನೇ?”

“ಟೇಪ್ ಯಾಕೆ?”

“ಒಂದೆಳೆ ಸಡಿಲ ಬೇಡ್ವಾ? ಇಲ್ಲಾಂದ್ರೆ ತಣ್ಣಗಾದ ಮೇಲೆ ಕಚ್ಚಿಕೊಳ್ಳುತ್ತೆ.”

ಅಂಗಿ ಕತ್ತರಿಸುವಾಗಲೂ ಹಾಗೇ ಎಂದುಕೊಂಡಳು ಅಜ್ಜಿ.

ಅಣ್ಣ ಒರೆಯನ್ನು ತೋರಿಸಿದ. ಹಿಡಿ ಹೊರಗಿತ್ತು; ತಮ್ಮ ಎಷ್ಟು ಜಗ್ಗಿದರೂ ಅಲಗು ಕದಲಲಿಲ್ಲ.

“ಅಯ್ಯೋ, ಇದು ಅಪ್ಪನ ಚಾಕು!”

“ಬೆಳಗ್ಗಿಂದ ಹುಡುಕ್ತಾ ಇದ್ದಾರೆ.”

“ಕೊಡಿಲ್ಲಿ. ಬಿಸಿಗಾಳಿ ಹಿಡಿದ್ರೆ ಮೆತ್ತಗಾಗುತ್ತೆ, ಎಳೆದುಕೊಡ್ತೀನಿ.”

“ಬೇಡಪ್ಪಾ! ಬಿಡಿಸಿದ್ದೂ ನೀನೇ ಅಂತಾದ್ರೆ ಅಪ್ಪ ನಿನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರೆ.”

“ನಾನು ಹೇಳೋದೇ ಇಲ್ಲ ಬಿಡು.”

“ಹೇಗೋ ಗೊತ್ತಾಗುತ್ತೆ. ಆಮೇಲೆ ಸುಮ್ಮನಿದ್ದೆ ಅಂತ ಅದಕ್ಕೂ ನಿನ್ನನ್ನೇ ಹೊಗಳ್ತಾರೆ.”

ನರ್ಸ್ ಅವರನ್ನು ಒಳಗೆ ಬರಹೇಳಿದಳು. ತಮ್ಮ ಅಣ್ಣನ ತೋಳು ಹಿಡಿದು ಎಬ್ಬಿಸಿ, ಒರೆಗೆ ಕೈಚಾಚಿದ. ಅಣ್ಣ ಅದನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡ.

“ಗಾಳಿ ಬೇಕಾದ್ರೆ ನೀನು ಹಿಡಿ,” ಎನ್ನುತ್ತ ಬಾಗಿಲು ದಾಟಿದ. “ಎಳೆಯೋದು ಮಾತ್ರ ನಾನೇ.”